ನಿಮಗಿದು ಗೊತ್ತೇ? ಮುತ್ಯಾ, ಆಯಿ ಬೀಳದಂತೆ ತಡೆಯಬಹುದು

★ ಜಗತ್ತಿನಲ್ಲಿ ಆಕಸ್ಮಿಕ ಗಾಯಗಳಿಂದ ಅತಿ ಹೆಚ್ಚು ಜನ ಸಾಯುವುದು ರಸ್ತೆ ಅಪಘಾತದಲ್ಲಿ. ಎರಡನೆಯ ಕಾರಣ ಯಾವುದು? ಬೆಂಕಿ, ನೀರು, ಹಾವು ಎಂದು ಊಹಿಸುವವರೇ ಹೆಚ್ಚು. ಉತ್ತರ: ಬೀಳುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. ವಯಸ್ಸಿನ ಲೆಕ್ಕದಲ್ಲಿ ನೋಡಿದರೆ 60 ದಾಟಿದವರದೇ ದೊಡ್ಡ ಪಾಲು.

★ "ವಯಸ್ಸಾಗಿತ್ತು, ಬಿದ್ದರು" ಎಂದು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಅಮೆರಿಕದ ವೈದ್ಯೆ ಮೇರಿ ಟಿನೆಟ್ಟಿ ಮತ್ತು ಜೊತೆಯವರು 75 ದಾಟಿ ತಮ್ಮ ಮನೆಗಳಲ್ಲೇ ಬಾಳುತ್ತಿದ್ದ ಹಿರಿಯರನ್ನು ಒಂದು ವರ್ಷ ಗಮನಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿದ್ದೆಮಾತ್ರೆ, ಕಾಲಿನ ತೊಂದರೆ, ನಡಿಗೆಯ ತೊಡಕು ಮುಂತಾದ ಕಾರಣಗಳಲ್ಲಿ ಒಂದೂ ಇಲ್ಲದವರ ಪೈಕಿ ಬಿದ್ದವರು ಶೇಕಡಾ 8. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕಾರಣ ಇದ್ದವರ ಪೈಕಿ ಬಿದ್ದವರು ಶೇಕಡಾ 78! ಎರಡೂ ಗುಂಪಿನವರು 75 ದಾಟಿದವರೇ. ಅಂದಮೇಲೆ ಬೀಳಿಸುವುದು ಹುಟ್ಟಿದ ವರ್ಷ ಒಂದೇ ಅಲ್ಲ. ಅದೇ ತಂಡ 1994ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದು ಗುಂಪಿನಲ್ಲಿ ಆ ಕಾರಣಗಳನ್ನು ಒಂದೊಂದಾಗಿ ಸರಿಪಡಿಸಿತು. ವರ್ಷದೊಳಗೆ ಆ ಗುಂಪಿನಲ್ಲಿ ಬಿದ್ದವರು ಶೇಕಡಾ 35, ಉಳಿದ ಗುಂಪಿನಲ್ಲಿ ಶೇಕಡಾ 47.

★ ಜತ್ತ ತಾಲೂಕಿಗೆ ಈ ವಿಷಯ ಬಹಳ ಹತ್ತಿರದ್ದು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ತುದಿಯಲ್ಲಿ, ಕರ್ನಾಟಕದ ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ಬೆನ್ನು ಹಚ್ಚಿಕೊಂಡ ಈ ಸೀಮೆ ಮಳೆನೆರಳಿನದು. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಇಲ್ಲಿನ ಹಳ್ಳಿಗಳಿಂದ ದುಡಿಯುವ ಗಂಡ-ಹೆಂಡಿರು ಗ್ಯಾಂಗ್ ಕಟ್ಟಿಕೊಂಡು ಕಬ್ಬು ಕಡಿಯಲು ಹೊರಡುತ್ತಾರೆ. ಮನೆ ಕಾಯಲು ಉಳಿಯುವವರು ಮುತ್ಯಾ, ಆಯಿ, ಶಾಲೆಗೆ ಹೋಗುವ ಮೊಮ್ಮಕ್ಕಳು. ದನಕ್ಕೆ ಕಣಿಕೆ ಹಾಕುವುದು, ಟ್ಯಾಂಕರ್ ಬಂದಾಗ ಕೊಡ ತುಂಬುವುದು, ರಾತ್ರಿ ಬಾಗಿಲು ಹಾಕುವುದು ಎಲ್ಲವೂ ಅವರ ಮೇಲೆ. ಅಂಥ ಮನೆಯಲ್ಲಿ ಒಬ್ಬ ಆಯಿ ಬಚ್ಚಲಲ್ಲಿ ಜಾರಿಬಿದ್ದರೆ ನೋಡಿಕೊಳ್ಳಲು ಒಬ್ಬರು ಮರಳಿ ಬರಬೇಕು, ಕಡಿಯುವ ಗ್ಯಾಂಗಿನಲ್ಲಿ ಎರಡು ಕೈ ಕಡಿಮೆಯಾಗುತ್ತವೆ. ಮುಂಗಡ ಇಸಿದುಕೊಂಡ ಸಾಲ ಹಾಗೇ ಉಳಿಯುತ್ತದೆ, ಮಗುವಿನ ಶಾಲೆ ತಪ್ಪುತ್ತದೆ. ಹಿರಿಯರ ಕಾಲು ಗಟ್ಟಿಯಿರುವುದು ಇಡೀ ಮನೆತನದ ಸಂಗತಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

★ ಒಮ್ಮೆ ಬಿದ್ದವರು ಮತ್ತೊಮ್ಮೆ ಬೀಳುವ ಸಂಭವ ಇಮ್ಮಡಿ. ಆದರೂ ಬಿದ್ದ ಹಿರಿಯರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಮಾತ್ರ ಡಾಕ್ಟರಿಗೆ ಹೇಳುತ್ತಾರೆ ಎನ್ನುತ್ತದೆ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಕೇಂದ್ರ. ನಮ್ಮಲ್ಲಿಯೂ ಮಕ್ಕಳಿಗೆ ಗೊತ್ತಾದರೆ ಹೊಲಕ್ಕೆ ಹೋಗಲು ಬಿಡುವುದಿಲ್ಲ ಎಂದು ಮುಚ್ಚಿಡುವ ಮುತ್ಯಾಗಳಿದ್ದಾರೆ. ಗದರದೆ ಕೇಳಿ.

★ ಮನೆಯೊಳಗೆ ಬೀಳಿಸುವ ವಸ್ತುಗಳನ್ನು ಹುಡುಕಲು ಎಂಜಿನಿಯರ್ ಬೇಕಿಲ್ಲ. ಹಳೆಯ ಮಾಳಿಗೆ ಮನೆಯ ಎತ್ತರದ ಹೊಸ್ತಿಲು, ಅಂಚು ಮಡಚಿಕೊಂಡ ಕೌದಿ, ಪಡಸಾಲೆಯಲ್ಲಿ ಅಡ್ಡ ಬಿದ್ದ ಚಾರ್ಜರಿನ ವೈರು, ಕೊಟ್ಟಿಗೆಯಲ್ಲಿ ಗೂಟದಿಂದ ಗೂಟಕ್ಕೆ ಎಳೆದ ದಾವಣಿ ಹಗ್ಗ, ಸಗಣಿ-ಗಂಜಲದ ಪಾಚಿ, ಕೊಡ ತುಳುಕಿ ಒದ್ದೆಯಾದ ಅಂಗಳ. ಹೊಸ ಮನೆ ಕಟ್ಟಿಸುವವರು ನುಣುಪು ಟೈಲ್ಸ್ ಹಾಕಿಸುತ್ತಾರೆ. ಒರಟಾದ ಶಹಾಬಾದ ಕಲ್ಲಿನ ಮೇಲೆ ವರ್ಷಗಟ್ಟಲೆ ನಡೆದ ಕಾಲಿಗೆ ಒದ್ದೆ ಟೈಲ್ಸ್ ಅಪಾಯ. ಬಚ್ಚಲು ಮತ್ತು ಶೌಚಾಲಯಕ್ಕಾದರೂ ಒರಟು ಟೈಲ್ಸ್ ಹಾಕಿಸಿ.

ಮೆಟ್ಟಿಲು ಮತ್ತು ಹೊಸ್ತಿಲ ಅಂಚಿಗೆ ಎರಡು ಬೆರಳಗಲ ಬಿಳಿ ಸುಣ್ಣದ ಪಟ್ಟಿ ಬಳಿದು ನೋಡಿ. ಮಂಜಾದ ಕಣ್ಣಿಗೆ ಬೂದು ನೆಲದ ಮೇಲಿನ ಬೂದು ಮೆಟ್ಟಿಲು ಕಾಣುವುದಿಲ್ಲ, ಬಿಳಿ ಅಂಚು ಕಾಣುತ್ತದೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯುವಾಗಲೇ ಈ ಕೆಲಸ ಮುಗಿಯುತ್ತದೆ.

★ ಬಚ್ಚಲಲ್ಲಿ ಜೋಲಿ ತಪ್ಪಿದವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ನಲ್ಲಿಯಾಗಲಿ ಟವೆಲ್ ಹಾಕುವ ರಾಡ್ ಆಗಲಿ ಆಳಿನ ಭಾರ ತಡೆಯುವುದಿಲ್ಲ. ಕಿತ್ತು ಬಂದರೆ ಪೆಟ್ಟು ಇನ್ನೂ ಜೋರು. ಬೋರ್‌ವೆಲ್‌ನಿಂದ ತೆಗೆದ ಹಳೆಯ ಜಿಐ ಪೈಪಿನ ತುಂಡು ಜತ್ತದ ಕಡೆ ಎಷ್ಟೋ ಮನೆಗಳ ಹಿತ್ತಲಲ್ಲಿ ಬಿದ್ದಿರುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯವರು ಅದನ್ನೇ ಬಾಗಿಸಿ ಗೋಡೆಗೆ ಗಟ್ಟಿಯಾಗಿ ಕೂರಿಸಬಲ್ಲರು. ಕೂತಾಗ ಕೈಗೆ ಎಟುಕುವಂತೆ, ಏಳುವಾಗ ಆಸರೆ ಮೇಲಿನವರೆಗೂ ಸಿಗುವಂತೆ ಓರೆಯಾಗಿ ಹಾಕಿಸಿದರೆ ಒಳ್ಳೆಯದು.

★ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು. ಸಾಂಗಲಿಯೂ ಅದರಲ್ಲಿದೆ, ವಿಜಯಪುರ, ಬೆಳಗಾವಿಗಳೂ ಇವೆ. ಗಡಿಯ ಎರಡೂ ಬದಿಯ ಕೈಗಳು ಹೊಲಿದ ಈ ಚಪ್ಪಲಿ ಒಣ ನೆಲಕ್ಕೆ ಹೇಳಿಮಾಡಿಸಿದ್ದು. ಆದರೆ ಒದ್ದೆಯಾದ ನುಣುಪು ನೆಲದಲ್ಲಿ ಚರ್ಮದ ಅಟ್ಟೆ ಜಾರುತ್ತದೆ. ಬಚ್ಚಲಿಗೆ ಗೀರುಗಳಿರುವ ರಬ್ಬರ್ ಅಟ್ಟೆಯೇ ಬೇಕು. ಹಿಮ್ಮಡಿಯಲ್ಲಿ ಸವೆದು ನುಣ್ಣಗಾದ ಹವಾಯಿ ಚಪ್ಪಲಿಯನ್ನು "ಇನ್ನೂ ಒಂದು ವರ್ಷ ಬರುತ್ತದೆ" ಎಂದು ಇಟ್ಟುಕೊಳ್ಳಬೇಡಿ.

★ ಮಾಡಗ್ಯಾಳ ಕುರಿಗಳ ಸೀಮೆಯಿದು, ಕೈಯಲ್ಲಿ ಬಡಿಗೆ ಇಲ್ಲದ ಕುರಿಗಾರ ಇಲ್ಲಿ ಅಪರೂಪ. ಆದರೆ ಕುರಿ ಕಾಯುವ ಉದ್ದ ಬಡಿಗೆ ಬೇರೆ, ಆಸರೆಯ ಕೋಲು ಬೇರೆ. ಚಪ್ಪಲಿ ಮೆಟ್ಟಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು. ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ತುದಿಗೆ ರಬ್ಬರ್ ಬುಡ ಇರಬೇಕು, ಅದು ಸವೆದಾಗ ಬದಲಿಸಬೇಕು.

ಇನ್ನೊಂದು ಮಾತು ಎಷ್ಟೋ ಮಂದಿಗೆ ತಿಳಿದಿಲ್ಲ. ಬಲ ಮೊಣಕಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು! ನೋವಿನ ಕಾಲು ಮುಂದಿಡುವಾಗಲೇ ಕೋಲೂ ಮುಂದೆ ಹೋಗಬೇಕು. ಮೆಟ್ಟಿಲು ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು.

★ ಎಸ್.ಟಿ. ಬಸ್ಸಿನ ಎತ್ತರದ ಪಾವಟಿಗೆಗೂ ಇದೇ ನಿಯಮ. ಮಹಾರಾಷ್ಟ್ರದಲ್ಲಿ 2022ರ ಆಗಸ್ಟ್‌ನಿಂದ 75 ದಾಟಿದವರಿಗೆ ಎಸ್.ಟಿ. ಪ್ರಯಾಣ ಉಚಿತ, 65ರಿಂದ 75ರವರಿಗೆ ಅರ್ಧ ಟಿಕೆಟ್. ಹಿರಿಯರು ಬಸ್ ಹತ್ತುವುದು ಹೆಚ್ಚಾದಂತೆ ಚಾಲಕರೂ ಅವರು ಕುಳಿತ ಮೇಲೆಯೇ ಬಸ್ ಬಿಡುವಷ್ಟು ತಾಳ್ಮೆ ತೋರಿದರೆ ಎಷ್ಟೋ ಎಲುಬು ಉಳಿಯುತ್ತವೆ.

★ ಮಲಗಿದವರು ಎದ್ದು ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ವೈದ್ಯರು ಅದನ್ನು ಒಂದು ತೊಂದರೆಯೆಂದೇ ಗುರುತಿಸುತ್ತಾರೆ. ನಮ್ಮ ಭಾಷೆಯಲ್ಲಿ ಅದು "ಎದ್ದ ಕೂಡಲೆ ಚಕ್ಕರ್ ಬಂತು". ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಬೇಸಿಗೆಯ ಬೆವರು ಎಲ್ಲವೂ ಇದಕ್ಕೆ ಕಾರಣವಾಗಬಲ್ಲವು. ನೀರಿಗೆ ತತ್ವಾರ ಇರುವ ಊರಿನಲ್ಲಿ, ರಾತ್ರಿ ಶೌಚಾಲಯಕ್ಕೆ ಏಳಬೇಕಾದೀತೆಂಬ ಹೆದರಿಕೆಗೆ, ಹಿರಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಒತ್ತಡ ಇನ್ನಷ್ಟು ಇಳಿಯುತ್ತದೆ. ಹಗಲು ಚೆನ್ನಾಗಿ ನೀರು ಕುಡಿದು ಸಂಜೆಯ ನಂತರ ಕಡಿಮೆ ಮಾಡುವುದು ಮೇಲು. ಏಳುವ ಮುನ್ನ ಹೊರಸಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಬೇಕು. ಊಟದ ನಂತರವೂ ಒತ್ತಡ ಇಳಿಯುವವರಿದ್ದಾರೆ. ಉಂಡ ಕೈ ತೊಳೆದು ತಟ್ಟನೆ ಬಿಸಿಲಿಗೆ ಹೋಗುವುದು ಬೇಡ.

★ ದಿನಕ್ಕೆ ನಾಲ್ಕು ಅಥವಾ ಹೆಚ್ಚು ಬಗೆಯ ಮಾತ್ರೆ ನುಂಗುವವರು ಬೀಳುವ ಸಂಭವ ಹೆಚ್ಚು. ಇಲ್ಲಿನವರು ಜ್ವರಕ್ಕೆ ಜತ್ತದಲ್ಲಿ, ಬಿಪಿಗೆ ವಿಜಯಪುರದಲ್ಲಿ, ಮೊಣಕಾಲಿಗೆ ಮೀರಜದಲ್ಲಿ ತೋರಿಸಿಕೊಂಡು ಬರುವುದುಂಟು. ಮೂರು ಚೀಟಿ, ಮೂರು ಪೊಟ್ಟಣ. ಒಂದೇ ಔಷಧ ಎರಡು ಹೆಸರಿನಲ್ಲಿ ಹೊಟ್ಟೆ ಸೇರುವುದು ಇಂಥಲ್ಲೇ. ಎಲ್ಲ ಮಾತ್ರೆಗಳನ್ನೂ ಒಂದೇ ಚೀಲಕ್ಕೆ ಹಾಕಿ ಒಬ್ಬ ಡಾಕ್ಟರಿಗೆ ತೋರಿಸಿ. ನಿದ್ದೆಮಾತ್ರೆ, ನೆಗಡಿ-ತುರಿಕೆಗೆ ಕೊಡುವ ಮಂಪರಿನ ಮಾತ್ರೆಗಳ ಬಗ್ಗೆ ನಿರ್ದಿಷ್ಟವಾಗಿ ಕೇಳಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ.

★ ಮೋತಿಬಿಂದು ತೆಗೆಸಿದರೆ ಬೀಳುವುದೂ ಕಡಿಮೆಯಾಗುತ್ತದೆ. 2005ರಲ್ಲಿ ಪ್ರಕಟವಾದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಅಧ್ಯಯನದಲ್ಲಿ 70 ದಾಟಿದ ಹೆಣ್ಣುಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಬೇಗ ಮಾಡಿಸಿದರು. ಸರದಿಗಾಗಿ ಕಾದವರಿಗೆ ಹೋಲಿಸಿದರೆ ಅವರು ಬೀಳುವುದು ಶೇಕಡಾ 34ರಷ್ಟು ಕಡಿಮೆಯಾಯಿತು. "ಇನ್ನೂ ಹಣ್ಣಾಗಲಿ" ಎಂದು ಪೊರೆ ಬಲಿಯುವವರೆಗೆ ಕಾಯುವ ಕಾಲ ಎಂದೋ ಮುಗಿದಿದೆ.

★ ಹೊಸ ಕನ್ನಡಕ ಬಂದ ಮೊದಲ ವಾರಗಳಲ್ಲಿ ಮಾತ್ರ ಎಚ್ಚರ. ಸಿಡ್ನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಣ್ಣು ಪರೀಕ್ಷಿಸಿ ಹೊಸ ಕನ್ನಡಕ ಮುಂತಾದ ಆರೈಕೆ ಕೊಟ್ಟ ಹಿರಿಯರ ಗುಂಪಿನಲ್ಲಿ ಬೀಳುವುದು ಹೆಚ್ಚಾಗಿತ್ತು! ಹೊಸ ನೋಟಕ್ಕೆ ಹೆಜ್ಜೆ ಹೊಂದಿಕೊಳ್ಳಲು ಸಮಯ ಬೇಕು. ಓದುವುದಕ್ಕೂ ದೂರ ನೋಡುವುದಕ್ಕೂ ಒಂದೇ ಗಾಜಿರುವ ಕನ್ನಡಕದಲ್ಲಿ ಕೆಳಗೆ ನೋಡಿದರೆ ಮೆಟ್ಟಿಲು ಮಸುಕಾಗುತ್ತದೆ. ಹೊರಗೆ ಓಡಾಡುವವರು ದೂರದ ನೋಟದ ಕನ್ನಡಕವನ್ನೇ ಬೇರೆ ಇಟ್ಟುಕೊಳ್ಳಲಿ.

★ ಕಿವಿಗೂ ಬೀಳುವುದಕ್ಕೂ ನಂಟಿದೆ. ಕಿವಿ ತುಸು ಮಂದವಾದವರು ಬಿದ್ದಿರುವ ಸಂಭವ ಸರಿಯಾಗಿ ಕೇಳುವವರಿಗಿಂತ ಸುಮಾರು ಮೂರು ಪಟ್ಟು ಎಂದು ಅಮೆರಿಕದ 2012ರ ಒಂದು ಅಧ್ಯಯನ ಕಂಡಿತು.

★ ಹಣ, ಯಂತ್ರ ಏನೂ ಬೇಡದ ಒಂದು ಪರೀಕ್ಷೆ: ಮುತ್ಯಾನ ಜೊತೆ ನಡೆಯುತ್ತ ಮಾತಾಡಿಸಿ. ಉತ್ತರ ಕೊಡಲು ಅವರು ನಿಂತುಬಿಡುತ್ತಾರೆಯೇ? 1997ರಲ್ಲಿ ಸ್ವೀಡನ್ನಿನ ಸಂಶೋಧಕರು 58 ಹಿರಿಯರನ್ನು ಹೀಗೆ ನೋಡಿದರು. ಮಾತಾಡಲು ನಡಿಗೆ ನಿಲ್ಲಿಸಿದವರು 12 ಮಂದಿ. ಮುಂದಿನ ಆರು ತಿಂಗಳಲ್ಲಿ ಅವರಲ್ಲಿ 10 ಮಂದಿ ಬಿದ್ದರು. ಹೆಜ್ಜೆಯ ಮೇಲೇ ಪೂರ್ತಿ ಗಮನ ಇಡಬೇಕಾದವರಿಗೆ ಎರಡನೆಯ ಕೆಲಸ ಭಾರವಾಗುತ್ತದೆ. ತಲೆಯ ಮೇಲೊಂದು ಕೊಡ, ಟೊಂಕದ ಮೇಲೊಂದು ಕೊಡ ಹೊತ್ತು ಮಾತಾಡುತ್ತ ಬರುವ ಆಯಿಯನ್ನು ನೋಡಿದಾಗ ನನಗೆ ಈ ಅಧ್ಯಯನ ನೆನಪಾಗುತ್ತದೆ.

ಇನ್ನೊಂದು ಪರೀಕ್ಷೆಗೆ ಗಡಿಯಾರ ಸಾಕು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದು.

★ ನೆಲದ ಮೇಲೆ ಕೂತು ಉಣ್ಣುವ ರೂಢಿ ಬಲು ಬೆಲೆಯುಳ್ಳದ್ದು. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಅರಾವೂಜೊ ಮತ್ತು ಜೊತೆಯವರು 51ರಿಂದ 80 ವಯಸ್ಸಿನ 2,002 ಜನರನ್ನು ನೆಲದ ಮೇಲೆ ಕೂತು ಏಳಲು ಹೇಳಿ, ಕೈ-ಮೊಣಕಾಲಿನ ಆಸರೆ ಎಷ್ಟು ಬೇಕಾಯಿತೆಂದು ಅಂಕ ಹಾಕಿದರು. 2012ರಲ್ಲಿ ಹೊರಬಂದ ಆ ವರದಿಯಂತೆ ಹೆಚ್ಚು ಆಸರೆ ಬೇಕಾದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚು. ಪಡಸಾಲೆಗೆ ಸೋಫಾ ಬಂದ ಮೇಲೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂದು ಯೋಚಿಸಬೇಕು. ಮೊಣಕಾಲು ನೋಯದವರು ದಿನಕ್ಕೊಂದು ಊಟವನ್ನಾದರೂ ನೆಲದ ಮೇಲೆ ಕೂತು ಮಾಡಲಿ.

★ ಉಮರಾಣಿಯಲ್ಲಿ ಹುಟ್ಟಿದಳೆಂದು ನಂಬಿಕೆಯಿರುವ ಶರಣೆ ದಾನಮ್ಮನ ಗುಡಿ ಗುಡ್ಡಾಪುರದಲ್ಲಿದೆ. ಕಾರ್ತಿಕ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಸೊಲ್ಲಾಪುರದ ಕಡೆಗಳಿಂದ ಭಕ್ತರು ನಡೆದೇ ಬರುತ್ತಾರೆ, ಅವರಲ್ಲಿ ನೆರೆತ ಕೂದಲಿನವರೂ ಇರುತ್ತಾರೆ. ನಡಿಗೆ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು. ಆದರೆ ಬರೀ ನಡಿಗೆಯಿಂದ ಬೀಳುವುದು ತಪ್ಪುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ! ಬ್ರಿಟನ್ನಿನಲ್ಲಿ ಕೈ ಮುರಿದುಕೊಂಡಿದ್ದ ಹೆಂಗಸರಿಗೆ ಬಿರುಸಿನ ನಡಿಗೆ ಹೇಳಿಕೊಟ್ಟಾಗ ಬೀಳುವುದು ಹೆಚ್ಚಾಗಿತ್ತೆಂದು 1997ರ ಅಧ್ಯಯನ ಹೇಳಿತು. ಬೇಕಾದ್ದು ತೋಲ ಕಾಯುವ ಅಭ್ಯಾಸ ಮತ್ತು ಕಾಲಿನ ಬಲ. 108 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ 2019ರ ಕಾಕ್ರನ್ ವಿಮರ್ಶೆಯಂತೆ ವ್ಯಾಯಾಮದಿಂದ ಬೀಳುವುದು ಶೇಕಡಾ 23ರಷ್ಟು ಇಳಿಯುತ್ತದೆ.

ಮಾಡುವುದು ಹೇಗೆ? ಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಒಂದು ಕಾಲಿನ ಮೇಲೆ ಎಣಿಸುತ್ತ ನಿಲ್ಲುವುದು. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ಗೆರೆಯ ಮೇಲೆ ನಡೆಯುವುದು. ಕೈ ಊರದೆ ಹೊರಸಿನಿಂದ ಎದ್ದು ಕೂರುವುದು, ಹತ್ತು ಸಲ. ಪಕ್ಕದಲ್ಲಿ ಮೊಮ್ಮಗು ಇರಲಿ. ಎಣಿಸುವ ಕೆಲಸ ಅದಕ್ಕೆ ಕೊಡಿ.

★ ಜ್ವರ ಬಂದಿತೆಂದು ಹಿರಿಯರನ್ನು ವಾರಗಟ್ಟಲೆ ಮಲಗಿಸಬೇಡಿ. ಆರೋಗ್ಯವಂತ ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲಿರಿಸಿದಾಗ ಕಾಲುಗಳ ಸ್ನಾಯು ಸುಮಾರು ಒಂದು ಕಿಲೋ ಕರಗಿತೆಂದು 2007ರ ಅಮೆರಿಕದ ಪ್ರಯೋಗ ತೋರಿಸಿತು.

★ ಭೋಗಿ ಹಬ್ಬದ ಸಜ್ಜೆ ರೊಟ್ಟಿಗೆ ಮೆತ್ತುವ ಎಳ್ಳಿನಲ್ಲಿ 100 ಗ್ರಾಮಿಗೆ ಸಾವಿರ ಮಿಲಿಗ್ರಾಮಿಗೂ ಮೀರಿ ಕ್ಯಾಲ್ಸಿಯಂ ಇದೆ. ಅದರಲ್ಲಿ ಮೈಗೆ ದಕ್ಕುವುದು ಒಂದು ಭಾಗವೇ ಆದರೂ, ಎಳ್ಳುಪುಡಿಯನ್ನು ಹಬ್ಬಕ್ಕೆ ಮಾತ್ರ ಮೀಸಲಿಡುವುದೇಕೆ? ಮಜ್ಜಿಗೆ, ಕಾಳು, ಸಿಕ್ಕಾಗ ಮೊಟ್ಟೆ ಸ್ನಾಯುವಿಗೆ ಬೇಕು. "ನನಗೇನು ಬೇಕು, ಮಕ್ಕಳಿಗೆ ಹಾಕು" ಎನ್ನುವ ಆಯಿಯ ತಟ್ಟೆಗೂ ಬಡಿಸಿ.

★ ವಿಟಮಿನ್ ಡಿ ಹೆಚ್ಚಾದಷ್ಟೂ ಒಳ್ಳೆಯದೇ? ಅಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರ ಪೈಕಿ ಒಂದು ಗುಂಪಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಒಂದೇ ಬಾರಿಗೆ ಕೊಟ್ಟರು. ಬೀಳುವುದು ಶೇಕಡಾ 15, ಎಲುಬು ಮುರಿಯುವುದು ಶೇಕಡಾ 26 ಹೆಚ್ಚಾಯಿತು. 2010ರ ವರದಿ ಇದು. ಮೆಡಿಕಲ್ ಅಂಗಡಿಯಿಂದ ಪೊಟ್ಟಣ ತಂದು ನಿಮ್ಮಷ್ಟಕ್ಕೆ ಕೊಡಬೇಡಿ.

★ ಬಿದ್ದ ಮೇಲೆ ನೆಲದಲ್ಲೇ ಬಹಳ ಹೊತ್ತು ಬಿದ್ದಿರುವುದು ಇನ್ನೊಂದು ಅಪಾಯ. ಮೈ ಒತ್ತಿ ಹುಣ್ಣಾಗುತ್ತದೆ, ನೀರಿನಂಶ ಕಡಿಮೆಯಾಗುತ್ತದೆ, ಸ್ನಾಯು ಜಜ್ಜಿ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಹಾಗಾಗಿ ಬೀಳದಿರುವಾಗಲೇ ಏಳುವುದನ್ನು ಕಲಿಸಿ. ಮೊದಲು ಸುಮ್ಮನೆ ಉಸಿರು ತೆಗೆದುಕೊಳ್ಳಬೇಕು. ನೋವಿಲ್ಲವೆಂದಾದರೆ ಮಗ್ಗುಲಿಗೆ ಹೊರಳಿ, ಅಂಗೈ-ಮೊಣಕಾಲೂರಿ, ಹೊರಸು ಅಥವಾ ಕಟ್ಟೆಯವರೆಗೆ ತೆವಳಿ, ಅದನ್ನು ಹಿಡಿದು ಗಟ್ಟಿ ಕಾಲಿನ ಪಾದ ಊರಿ ಮೇಲೇಳಬೇಕು. ಏಳಲಾಗದಿದ್ದರೆ ಕೌದಿ ಎಳೆದು ಹೊದ್ದು ಕೂಗಬೇಕು.

ಮೊಬೈಲ್ ಮಾಡದಲ್ಲಿದ್ದರೆ ನೆಲದಲ್ಲಿ ಬಿದ್ದವರಿಗೆ ಎಟುಕದು. ಅಂಗಿಯ ಕಿಸೆಯಲ್ಲಿ, ಟೊಂಕದ ಸಂಚಿಯಲ್ಲಿ ಇರಲಿ. ಮಕ್ಕಳು ಕಬ್ಬಿಗೆ ಹೋದ ಮನೆಗಳಲ್ಲಿ ಬೆಳಿಗ್ಗೆ ಒಮ್ಮೆ, ಮಲಗುವ ಹೊತ್ತಿಗೆ ಒಮ್ಮೆ ದನಿ ಕೊಟ್ಟು ಹೋಗಲು ನೆರೆಯವರೊಬ್ಬರಿಗೆ ಹೇಳಿಯೇ ಹೊರಡಬೇಕು. ಗ್ಯಾಂಗ್ ಹೊರಡುವ ದಿನದ ಗದ್ದಲದಲ್ಲಿ ಈ ಒಂದು ಮಾತು ಮರೆಯಬಾರದು.

★ ಟೊಂಕದ ಮುರಿತಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ಬೀಳುವುದರಿಂದ ಆಗುವಂಥವು, ಅದೂ ಹೆಚ್ಚಾಗಿ ಪಕ್ಕಕ್ಕೆ ಬಿದ್ದಾಗ. ಬಿದ್ದವರ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಮುರಿದಿದೆ ಎಂದೇ ತಿಳಿಯಿರಿ. ತೊಡೆಯ ಸಂದಿನಲ್ಲಿ ನೋವಿದ್ದೂ ಹೇಗೋ ನಾಲ್ಕು ಹೆಜ್ಜೆ ನಡೆದರೆಂಬ ಕಾರಣಕ್ಕೆ ಮುರಿದಿಲ್ಲ ಎನ್ನಲಾಗದು, ಎಕ್ಸ್-ರೇ ಬೇಕೇ ಬೇಕು. ಎಣ್ಣೆ ತಿಕ್ಕುವುದು, ಬಿದಿರ ದಬ್ಬೆ ಕಟ್ಟಿಸುವುದು ಈ ಮುರಿತಕ್ಕೆ ಆಗಿಬರುವುದಿಲ್ಲ. ತೊಡೆ ಎಲುಬಿನ ಕತ್ತು ಮುರಿದಾಗ ಅದರ ಗುಂಡನೆಯ ತುದಿಗೆ ಹೋಗುವ ರಕ್ತವೇ ನಿಂತುಹೋಗಬಹುದು. ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ, ಆದಷ್ಟು ಬೇಗ ಎಬ್ಬಿಸಿ ನಿಲ್ಲಿಸುವುದು, ಇದೇ ದಾರಿ. ಟೊಂಕ ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ಅನುಭವ ಹೇಳುತ್ತದೆ. ಕಾಯುವ ಪ್ರತಿ ದಿನವೂ ಭಾರ. ಮೀರಜದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಗಡಿಯ ಎರಡೂ ಬದಿಯಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

★ ಭಾರತದಲ್ಲಿ ಮಿದುಳಿನ ಗಾಯಕ್ಕೆ ರಸ್ತೆ ಅಪಘಾತದ ನಂತರದ ದೊಡ್ಡ ಕಾರಣ ಬೀಳುವುದೇ ಎಂದು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ತಜ್ಞರು ಬರೆದಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರ ತಲೆಗೆ ಪೆಟ್ಟಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಒಳಗೆ ನಿಧಾನವಾಗಿ ಜಿನುಗುವ ರಕ್ತ ವಾರಗಳ ನಂತರವೂ ತೊಂದರೆ ಕೊಡಬಹುದು. ತಲೆನೋವು, ಮಂಕು, ಮಾತು ತಡವರಿಸುವುದು, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಹಿಂದೆಂದೋ ಬಿದ್ದದ್ದನ್ನು ಡಾಕ್ಟರಿಗೆ ಹೇಳಿ.

★ ಕೋಲು, ಕಿವಿಯಂತ್ರ, ಕನ್ನಡಕ, ಗಾಲಿಕುರ್ಚಿಗಳನ್ನು ಬಡ ಹಿರಿಯರಿಗೆ ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ತಂದ ಮುಖ್ಯಮಂತ್ರಿ ವಯೋಶ್ರೀ ಯೋಜನೆಯಲ್ಲಿ, ಕುಟುಂಬದ ವಾರ್ಷಿಕ ಆದಾಯ 2 ಲಕ್ಷ ರೂಪಾಯಿಯೊಳಗಿರುವ 65 ದಾಟಿದವರ ಖಾತೆಗೆ ಇಂಥ ಸಾಧನಗಳಿಗಾಗಿ ಒಂದು ಸಲ 3,000 ರೂಪಾಯಿ ಹಾಕಲಾಗುತ್ತದೆ. 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಗೆ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್‌ನಿಂದ ಸಿಗುತ್ತಿದೆ. ಬಿದ್ದ ಮೇಲೆ ಕಾಗದಪತ್ರ ಹುಡುಕುವುದು ಕಷ್ಟ, ಕಾರ್ಡನ್ನು ಈಗಲೇ ಮಾಡಿಸಿಡಿ. ಕನ್ನಡವಷ್ಟೇ ಬಲ್ಲ ಹಿರಿಯರಿಗೆ ಮರಾಠಿಯ ಅರ್ಜಿ ತೊಡಕು. ಶಾಲೆಯಲ್ಲಿ ಎರಡೂ ಭಾಷೆ ಕಲಿಯುವ ಮೊಮ್ಮಕ್ಕಳು ಅದನ್ನು ತುಂಬಿಕೊಡಬಲ್ಲರು. ಯೋಜನೆಗಳ ಮಾಹಿತಿ ಬೇಕಾದ ಹಿರಿಯರಿಗೆ ದೇಶದಾದ್ಯಂತ ಇರುವ ಉಚಿತ ಸಹಾಯವಾಣಿ 14567.